ಕುಂಥುನಾಥರ ತೆರೆದ ಗೆರೆ

ಗೋಕಾಕದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಹಿಂದಿನ ಗಲ್ಲಿಯ ಮಾಳಿಗೆ ಕೋಣೆಯಲ್ಲಿ ಮಾತ್ರ ಆಗಲೇ ಟ್ಯೂಬ್‌ಲೈಟು ಉರಿಯುತ್ತಿದೆ. ಹೊತ್ತೇರಿದರೆ ಕರೆಂಟಿನ ಭರವಸೆಯಿಲ್ಲ. ಅದಕ್ಕೇ ಕುಂಥುನಾಥ ಚೌಗಲಾ ನಸುಕಿನಲ್ಲೇ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲೆ, ಅವರೇ ಪೆನ್ಸಿಲಿನಲ್ಲಿ ಬರೆದ ಮುದುಕಿಯೊಬ್ಬಳು ರೊಟ್ಟಿ ಬಡಿಯುತ್ತಿದ್ದಾಳೆ. ಸೀರೆಗೆ ಹಸಿರು ಎಂದು ಆರಿಸಿ ಕುಂಥುನಾಥರು ಮೌಸ್ ಒತ್ತುತ್ತಾರೆ. ಸೀರೆ ಹಸಿರಾಗುತ್ತದೆ. ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಹಸಿರು ಮುದುಕಿಯ ಮೊಣಕೈಯ ಹತ್ತಿರ ಹೊರಗೆ ನುಗ್ಗಿ ಒಲೆ, ಗೋಡೆ, ಕಿಟಕಿ, ಕಿಟಕಿಯಾಚೆಯ ಆಕಾಶ ಎಲ್ಲವನ್ನೂ ನುಂಗಿಬಿಡುತ್ತದೆ.

“ಅಯ್ಯ ನಿನ್ನ! ಮುದುಕೀನೂ ಬಿಡಲಿಲ್ಲಲ್ಲೋ!” ಎಂದು ನಗುತ್ತ ಎಡಕ್ಕೆ ತಿರುಗುತ್ತಾರೆ. ಎಡಗಡೆಯ ಕುರ್ಚಿಯಲ್ಲಿ ಯಾರೂ ಇಲ್ಲ. ಪಾಪ, ನಕ್ಕಿದ್ದು ಯಾರಿಗೆ ತೋರಿಸಬೇಕು? ಮುಖ ಸಣ್ಣದು ಮಾಡಿಕೊಂಡು ಮತ್ತೆ ಪರದೆಯ ಕಡೆ ನೋಡುತ್ತಾರೆ.

ಊರಿನವರು ಈ ಕೋಣೆಯನ್ನು ‘ಕಾರ್ಟೂನ್ ಆಫೀಸು’ ಅನ್ನುತ್ತಾರೆ. ಮುಂಬೈಯಲ್ಲಿ ಕೆಲಸ ಕಲಿತು ಬಂದ ಹುಕ್ಕೇರಿಯ ಸಮ್ಮೇದ ಎಂಬ ತರುಣ ತೊಂಬತ್ತರ ದಶಕದ ನಡುವೆ ಇದನ್ನು ತೆರೆದಾಗ ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಾಕೀಸಿನ ಇಂಟರ್ವಲ್ಲಿನಲ್ಲಿ ತೋರಿಸುವ ಬೀಜ, ಗೊಬ್ಬರದ ಜಾಹೀರಾತು, ಪುಣೆಯ ಕಂಪನಿಯೊಂದಕ್ಕೆ ಮಕ್ಕಳ ಕಥೆಯ ಸೀಡಿ, ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದರು. ಕೆಲಸ ಕಡಿಮೆಯಾದಂತೆ ಒಬ್ಬೊಬ್ಬರೇ ತಮ್ಮ ತಮ್ಮ ದಾರಿ ಹಿಡಿದರು. ಕೊನೆಗೆ ಉಳಿದವರು ಇಬ್ಬರು. ಚಿತ್ರ ಬರೆಯುವ ಕುಂಥುನಾಥ, ಬಣ್ಣ ತುಂಬುವ ಮೂಡಲಗಿಯ ಸುಂದ್ರವ್ವ. ಕೆಲವು ತಿಂಗಳಿಂದ ಸುಂದ್ರವ್ವನೂ ಬರುತ್ತಿಲ್ಲ.

ಆದದ್ದು ಇಷ್ಟು. ಕುಂಥುನಾಥರು ಕಾಗದದ ಮೇಲೆ ಬರೆದದ್ದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಿದ್ದರು. ಅಲ್ಲಿ ಸುಂದ್ರವ್ವ ಮೌಸ್ ಹಿಡಿದು ಒಂದೊಂದೇ ಭಾಗಕ್ಕೆ ಬಣ್ಣ ತುಂಬುತ್ತಿದ್ದರು. ಬೇಸಿಗೆಯಲ್ಲಿ ಆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದು ತಂದರೆ ಅದರಲ್ಲಿ ಹಳೆಯ ಸಾಫ್ಟ್‌ವೇರ್ ಏಳಲೇ ಇಲ್ಲ. ಅದನ್ನು ಮಾಡಿದ ಕಂಪನಿಯೂ ಬಾಗಿಲು ಹಾಕಿಯಾಗಿತ್ತು. ಬಣ್ಣದ ಕೆಲಸ ನಿಂತು ಸುಂದ್ರವ್ವ ಮನೆಯಲ್ಲೇ ಉಳಿದರು. ಈಗ ಬೆಳಗಾವಿಯಲ್ಲಿರುವ ಸಮ್ಮೇದ ಮೂರು ಬೇರೆ ಬೇರೆ ಸಾಫ್ಟ್‌ವೇರುಗಳ ನಮೂನೆ ಸೀಡಿ ತಂದು ಮೇಜಿನ ಮೇಲಿಟ್ಟಿದ್ದಾರೆ.

“ಬರಿಯವ್ರು ನೀವು. ಯಾವ್ದು ಚೊಲೊ ಅಂತ ನೀವ ಹೇಳ್ರಿ ಕಾಕಾ, ಅದನ್ನ ತರೂನು. ಬಣ್ಣ ತಾನ ತುಂಬತೈತಿ ಅಂದ್ರ ಒಬ್ಬರ ಸಾಕು. ಇಲ್ಲ, ಕೈಕೆಲಸ ಬೇಕ ಬೇಕು ಅಂದ್ರ ಸುಂದ್ರವ್ವನ್ನ ಕರಸೂನು. ಐತವಾರ ಬರತೇನಿ.”

ಸಮ್ಮೇದ ಕೆಟ್ಟವರಲ್ಲ, ಇಬ್ಬರನ್ನು ಸಾಕುವಷ್ಟು ಕೆಲಸ ಅವರ ಕೈಯಲ್ಲೂ ಇಲ್ಲ. ಆದರೆ ಕುಂಥುನಾಥರಿಗೆ ಬೇಕಾದದ್ದು ಒಂದೇ: ಐತವಾರದ ಹೊತ್ತಿಗೆ ಸುಂದ್ರವ್ವನ ಕೈ ಬೇಕೇ ಬೇಕು ಅನ್ನುವ ಸಾಫ್ಟ್‌ವೇರೊಂದು ಈ ಮೂರರಲ್ಲಿ ಸಿಗಬೇಕು.

ಘೋಡಗೇರಿಯ ಒಕ್ಕಲುಮನೆಯಲ್ಲಿ ಹುಟ್ಟಿದ ಕುಂಥುನಾಥರು ಬೋರ್ಡು ಬರೆಯಲು ಕೊಲ್ಲಾಪುರಕ್ಕೆ ಹೋದರು. ಅಲ್ಲಿಂದ ಮುಂಬೈಯ ಕಾರ್ಟೂನ್ ಸ್ಟುಡಿಯೊ. ಹಕ್ಕಿ ರೆಕ್ಕೆ ಎತ್ತಿದ ಚಿತ್ರ ಒಂದು, ಇಳಿಸಿದ ಚಿತ್ರ ಒಂದು ಕೊಟ್ಟರೆ, ನಡುವೆ ರೆಕ್ಕೆ ಹೇಗೆ ಬಂತೆಂದು ಹಾಳೆ ಹಾಳೆಯಾಗಿ ಬರೆಯುವುದು ಇವರ ಕೆಲಸ. ಕೆಳಗಿನಿಂದ ದೀಪ ಬೆಳಗುವ ಗಾಜಿನ ಮೇಜು, ಎಡಗೈ ಬೆರಳ ಸಂದಿಯಲ್ಲಿ ಹಾಳೆಗಳು, ಬಲಗೈಯಲ್ಲಿ ಪೆನ್ಸಿಲು. ನಲವತ್ತು ಹಾಳೆ ಮುಗಿದರೆ ಒಳ್ಳೆಯ ದಿನ. ವಯಸ್ಸು ಐವತ್ತು ದಾಟಿದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, “ನಡುವಿಂದ ಬರಕೋತ ಕುಂತ್ನಿ, ಮುಂದಿಂದು ಬರಲೇ ಇಲ್ರಿ” ಎಂದು ನಕ್ಕು ಮಾತು ತೇಲಿಸುತ್ತಾರೆ.

ಸುಂದ್ರವ್ವ ಗೋಕಾಕದ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದವರು. ಬಾಯಿ ಸ್ವಲ್ಪ ಜೋರು. ದಿನಾ ಮೂಡಲಗಿಯಿಂದ ಬಸ್ಸಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡುತ್ತಿದ್ದರು. ಕಸ ಹೊಡೆದಿಲ್ಲ, ಕಿಟಕಿ ತೆಗೆದಿಲ್ಲ, ಪೆನ್ಸಿಲಿನ ಸಿಪ್ಪೆ ಎಲ್ಲಿ ಬೇಕಲ್ಲಿ! ಕುಂಥುನಾಥರು ಜೈನರ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಚಿತ್ರದಲ್ಲಿ ಮುಳುಗಿದರೆ ಅವರಿಗೆ ಹೊತ್ತಿನ ನೆನಪೆಲ್ಲಿ? “ಹೊತ್ತ ಮುಣಗಾಕತ್ತೈತಿ, ಡಬ್ಬಿ ತಗೀರಿ ಕಾಕಾ” ಎಂದು ಸಂಜೆಯಾದರೆ ಸುಂದ್ರವ್ವನೇ ಕೂಗಬೇಕು. ಈಗ ಕೂಗುವವರಿಲ್ಲ. ತಲೆ ಎತ್ತಿ ನೋಡುವಷ್ಟರಲ್ಲಿ ಕಿಟಕಿಯಲ್ಲಿ ಕತ್ತಲಾಗಿರುತ್ತದೆ, ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಾರೆ.

ಮೊದಲನೆಯ ಸಾಫ್ಟ್‌ವೇರ್ ತಾನೇ ಬಣ್ಣ ತುಂಬುತ್ತದೆ, ಸೋರುವುದೂ ಇಲ್ಲ. ಆದರೆ ಕುಂಥುನಾಥರ ಗೆರೆಯನ್ನು ಅಳಿಸಿ ತನ್ನದೇ ಗೆರೆ ಎಳೆಯುತ್ತದೆ. ಮುದುಕಿ ತಂತಿಯಲ್ಲಿ ಬಾಗಿಸಿ ಮಾಡಿದಂತೆ ಕಾಣುತ್ತಾಳೆ. ಎರಡನೆಯದು ಗೆರೆಯನ್ನು ಮುಟ್ಟುವುದಿಲ್ಲ, ಬದಲಿಗೆ ಆಕಾಶವನ್ನೆಲ್ಲ ಹಸಿರು ಮಾಡುತ್ತದೆ.

ಯಾಕೆ ಸೋರುತ್ತದೆ? ಎರಡು ದಿನ ಸಾಫ್ಟ್‌ವೇರಿಗೆ ಬೈದ ಕುಂಥುನಾಥರು ಮೂರನೆಯ ದಿನ ತಮ್ಮ ಚಿತ್ರವನ್ನೇ ದೊಡ್ಡದು ಮಾಡಿ ನೋಡುತ್ತಾರೆ. ಮೊಣಕೈ ಹತ್ತಿರ ಗೆರೆ ಕೂಡಿಲ್ಲ, ಕೂದಲೆಳೆಯಷ್ಟು ಸಂದಿ. ಹಿಮ್ಮಡಿಯಲ್ಲೂ ಹಾಗೇ, ಸೆರಗಿನಲ್ಲೂ ಹಾಗೇ. ಕಪಾಟಿನ ಹಳೆಯ ಹಾಳೆಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಅದೇ ಕಥೆ. ಗೆರೆಯನ್ನು ಪೂರ್ತಿ ಕಟ್ಟದೆ ಸ್ವಲ್ಪ ಬಿಟ್ಟರೆ ಚಿತ್ರಕ್ಕೆ ಉಸಿರು ಬರುತ್ತದೆಂದು ಮುಂಬೈಯಲ್ಲಿ ಕಲಿತದ್ದು. ಅದೇ ತಮ್ಮ ಹೆಚ್ಚುಗಾರಿಕೆ ಎಂದು ಹೆಮ್ಮೆಪಟ್ಟದ್ದೂ ಉಂಟು. ಹಾಗಿದ್ದರೆ ಇಷ್ಟು ವರ್ಷ ಒಂದು ಹನಿಯೂ ಹೊರಗೆ ಬರಲಿಲ್ಲವಲ್ಲ, ಹೇಗೆ?

“ಅಕಿ ಮುಚ್ಚತಿದ್ಲು ರಿ” ಎಂದು ನಮ್ಮ ಮುಂದೆ ಹೇಳುತ್ತಾರೆ ಕುಂಥುನಾಥ. ದನಿ ತಗ್ಗುತ್ತದೆ. “ಚಿತ್ರ ಚಿತ್ರಕ್ಕೂ ನನ್ನ ಸಂದಿ ಹುಡಿಕಿ, ಒಂದೊಂದ ಚುಕ್ಕಿ ಇಟ್ಟ ಮುಚ್ಚತಿದ್ಲು. ಬಾಜೂಕ ಕುಂತ ನಾ ನೋಡಲೇ ಇಲ್ಲ.”

ಶನಿವಾರ ಬಸ್ಸು ಹತ್ತಿ ಮೂಡಲಗಿಗೆ ಹೋಗುತ್ತಾರೆ. ಸುಂದ್ರವ್ವ ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದಾರೆ. ಹೆಣ್ಣುಮಕ್ಕಳ ಸಂಘದ ಶಾವಿಗೆ ಮಷಿನ್ನಿನಲ್ಲಿ ಸದ್ಯಕ್ಕೆ ಕೆಲಸ.

“ನನ್ನ ಗೆರಿ ನೀನ ಮುಚ್ಚತಿದ್ದಿ ಏನವಾ? ಒಂದಿನಾರ ಹೇಳಬಾರದಿತ್ತ?”

“ಹೇಳಿದ್ರ ಹೆದರಿ ಬರೀತಿದ್ರಿ ಕಾಕಾ. ಹೆದರಿ ಬರದ ಗೆರಿ ಗೊತ್ತಾಗತೈತಿ. ನಿಮ್ಮದು ಹಂಗ ಇದ್ರ ಚಂದ. ಎಲ್ಲಾದಕ್ಕೂ ಬೈತೇನಿ ಖರೆ, ಅದಕ್ಕ ಬೈಬೇಕ ಅನಿಸಲಿಲ್ಲ.”

ಕುಂಥುನಾಥರು ಮೂರನೆಯ ಸೀಡಿಯ ಸುದ್ದಿ ಹೇಳುತ್ತಾರೆ. ಗೆರೆ ಇದ್ದಂತೇ ಇರುತ್ತದೆ. ಸಂದಿ ಇದ್ದಲ್ಲಿ ಕಾಣದ ಗೆರೆಯೊಂದನ್ನು ಕೈಯಿಂದ ಎಳೆದರೆ ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಎಳೆಯಲು ಆಳು ಬೇಕು, ನೋಡುವ ಕಣ್ಣು ಬೇಕು. “ಸಮ್ಮೇದಗ ಅದನ್ನ ತಗೋ ಅಂತೇನಿ. ನೀ ಬರತಿ ಹೌದಲ್ಲ?”

“ಕರದ್ರ ನಾಳೆನ ಬರತೇನ್ರಿ” ಎಂದ ಸುಂದ್ರವ್ವನ ಮುಖದಲ್ಲಿ ಆಸೆ ಎದ್ದು ಕಾಣುತ್ತದೆ.

ಐತವಾರ ಸಮ್ಮೇದ ಬರುತ್ತಾರೆ. ಕೈಕೆಲಸ ಬೇಕೇ ಬೇಕೆಂದು ಸಾಬೀತು ಮಾಡಲು ಕುಂಥುನಾಥರು ಮೂರನೆಯದನ್ನು ತೆರೆದು ಮೊಣಕೈಯ ಸಂದಿ ಮುಚ್ಚುತ್ತಾರೆ, ಹಿಮ್ಮಡಿಯದು ಮುಚ್ಚುತ್ತಾರೆ, ಸೆರಗಿನದು ಮುಚ್ಚುತ್ತಾರೆ. ಹಸಿರು ಸೀರೆಯೊಳಗೇ ನಿಲ್ಲುತ್ತದೆ. ತೋರಿಸಿದ್ದೇ ತಪ್ಪಾಯಿತು ನೋಡಿ!

“ಭಾರೀ ಆತು ಕಾಕಾ! ಇದನ್ನ ತರೂನು” ಎಂದು ಸಮ್ಮೇದ ಬೆನ್ನು ತಟ್ಟುತ್ತಾರೆ. “ನಿಮಗ ಇಷ್ಟ ಲಗೂನ ಬಂತಲ್ಲ. ಮತ್ತ ಇಬ್ಬರ ಯಾಕ?”

ಕುಂಥುನಾಥರು ಮೌಸ್ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನನಗೆ ಬರುವುದಿಲ್ಲ ಅನ್ನೋಣವೆಂದರೆ, ಮಾಡಿ ತೋರಿಸಿದವರು ಅವರೇ. ಮರುದಿನ ಸಂಜೆ ಮೂಡಲಗಿಯ ಪಕ್ಕದ ಮನೆಗೆ ಫೋನ್ ಹಚ್ಚಿ, ಸುಂದ್ರವ್ವನನ್ನು ಕರೆಸಿ ನಡೆದದ್ದೆಲ್ಲ ಹೇಳುತ್ತಾರೆ. ಸುಂದ್ರವ್ವ, “ಇರಲಿ ಬಿಡ್ರಿ ಕಾಕಾ. ಡಬ್ಬಿ ಉಂಡ್ರ್ಯಾ?” ಎಂದಷ್ಟೇ ಕೇಳುತ್ತಾರೆ. ಇದನ್ನು ನಮಗೆ ಹೇಳುವಾಗ ಕುಂಥುನಾಥರ ಕಣ್ಣು ತುಂಬುತ್ತದೆ. ಒರೆಸಿಕೊಳ್ಳಲೂ ಹೋಗುವುದಿಲ್ಲ.

ಈಗ ಅವರ ದಿನ ಹೀಗೆ. ಬೆಳಿಗ್ಗೆ ಗಾಜಿನ ಮೇಜಿನಲ್ಲಿ ಬರೆಯುತ್ತಾರೆ. ಮಧ್ಯಾಹ್ನ ಕರೆಂಟು ಇದ್ದಷ್ಟು ಹೊತ್ತು ಸುಂದ್ರವ್ವನ ಕೆಲಸಕ್ಕೆ ಕೂತು ತಮ್ಮ ಸಂದಿಗಳನ್ನು ತಾವೇ ಹುಡುಕಿ ಮುಚ್ಚುತ್ತಾರೆ. ಕೆಲಸ ನಿಂತಿಲ್ಲ, ಪುಣೆಯವರಿಂದ ತಕರಾರಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇಡೀ ದಿನ ಒಂದು ಮಾತಿಲ್ಲ. ರೊಟ್ಟಿ ಬಡಿಯುವ ಮುದುಕಿಯ ಕಥೆ ಮುಗಿದು, ಅದರ ಮೊದಲ ಸೀಡಿಯನ್ನು ಕುಂಥುನಾಥರು ಮೂಡಲಗಿಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಸುಂದ್ರವ್ವನಿಗೆ ಕಳಿಸಿದ್ದಾರೆ.

“ಎಲ್ಲಾ ಮುಚ್ಚೇನ್ರಿ, ಒಂದೂ ಬಿಟ್ಟಿಲ್ಲ” ಎನ್ನುತ್ತಾರೆ. ಮೇಜಿನ ಮೇಲಿನ ಫೋನನ್ನು ಹತ್ತಿರ ಎಳೆದುಕೊಳ್ಳುತ್ತಾರೆ. “ಆದ್ರ ಅಕಿ ಕಣ್ಣಿಗೆ ಎಲ್ಲೆರ ಒಂದು ಸಿಕ್ಕ ಸಿಗತೈತಿ. ಸಿಗಲಿ. ಸಿಕ್ರ ಫೋನ್ ಮಾಡಿ ಬೈತಾಳ್ರಿ.”