ಅಜ್ಜಿ ಕೂತಿದ್ದು ಎಂಜಿನ್ ಹ್ಯಾಂಡಲ್ ಮೇಲೆ

ಯಂತ್ರ ಬಿಚ್ಚುವವರೇ, ಬಿಚ್ಚಿ ಬೆಚ್ಚುವವರೇ, ಸಾವಧಾನದಿಂದ ಕೇಳಿರಿ! ಇಂದು ಹುಲ್ಲು ಕತ್ತರಿಸುವ ಯಂತ್ರದ ಎಣ್ಣೆ ವಾಸನೆಗೆ ನಿಜಾಮನ ಕಾಲದ, ಗುರುಗುಂಟಾ ಊರಿನ ತೋಟ ಕಣ್ಮುಂದೆ ಬಂತು.

ಅಲ್ಲಿ ಕೆಲಸಕ್ಕಿದ್ದ ನನ್ನ ಅಜ್ಜ, ನೀರೆತ್ತುವ ಎಂಜಿನ್ ರಿಪೇರಿಗೆ ಕೂಡುವ ಮೊದಲು ಅದನ್ನು ತಿರುಗಿಸಿ ಚಾಲೂ ಮಾಡುವ ಹ್ಯಾಂಡಲ್ ಕಿತ್ತು ಅಜ್ಜಿಗೆ ಕೊಡುತ್ತಿದ್ದ. ಹ್ಯಾಂಡಲ್ ಇಲ್ಲದೆ ಯಾರೂ ಎಂಜಿನ್ ತಿರುಗಿಸುವಂತಿಲ್ಲ. ಅಜ್ಜಿ ಅದರ ಮೇಲೆಯೇ ಕೂತುಬಿಡುತ್ತಿದ್ದಳು.

ಒಮ್ಮೆ ತೋಟದ ಧಣಿ ಬಂದು ಗದರಿದರು: “ಏನಬೇ, ಬಾಳಿಗಿಡ ಒಣಗಾಕತ್ತಾವ. ಹ್ಯಾಂಡಲ್ ಕೊಡು, ಜಲ್ದಿ ಚಾಲೂ ಆಗಬೇಕು!”

“ನಮ್ಮನಿಯವರ ಬೆರಳು ಇನ್ನೂ ಒಳಗ ಅದಾವ್ರಿ ಧಣಿ. ಬಾಳಿ ಮತ್ತ ಹಚ್ಚಬಹುದು, ಬೆರಳು ಹಚ್ಚಾಕ ಬರ್ತಾವೇನ್ರಿ?”

ಅಜ್ಜ ಕೈ ಹೊರತೆಗೆದು, ನಟ್ಟು ಬಿಗಿದು, “ಈಗ ಕೊಡಬೇ” ಅಂದ ಮೇಲೆಯೇ ಅಜ್ಜಿ ಎದ್ದಳು. ಅಲ್ಲಿಯತನಕ ಧಣಿ ಬಿಸಿಲಲ್ಲೇ ನಿಂತಿದ್ದರು.

ಕಣ್ಣಾರೆ ಕಂಡವನಂತೆ ಬರೆದೆ, ಸುಳ್ಳು. ಆಗ ನಾನು ಹುಟ್ಟಿರಲೇ ಇಲ್ಲ. ಚಿಕ್ಕವನಿದ್ದಾಗ ಅಜ್ಜ ಇದನ್ನು ಹೇಳುತ್ತಾ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದ, ಎಲ್ಲ ಬೆರಳುಗಳಿಂದಲೂ.