ಕಿವಿ ಮುಟ್ಟುವ ಪರೀಕ್ಷೆ

ರಾವಂದೂರಿನ ಶಾಲೆಯ ತನಿಖೆಗೆ ಹೋಗಿದ್ದೆ. ಜಗಲಿಯಲ್ಲಿ ಚಿಕ್ಕಮಕ್ಕಳು ಚಾಪೆ ಹಾಸಿ ಕೂತು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದವರಿಗೆ ಮಾತ್ರ ಒಳಗೆ, ಒಂದನೇ ತರಗತಿಗೆ ಪ್ರವೇಶ. ಕೆಂಪಿ ಎಂಬ ಹುಡುಗಿಗೆ ಒಂದು ಬೆರಳಷ್ಟು ಸಾಲಲಿಲ್ಲ.

"ಇನ್ನೊಂದು ವರ್ಷ ಮರಳಲ್ಲೇ ಇರಲಿ" ಎಂದೆ. ಅವಳ ಕಣ್ಣು ತುಂಬಿತು.

ಜೊತೆಗಿದ್ದ ಅಜ್ಜಿ ಕೈಮುಗಿದಳು. "ಮಗೀಗೆ ಗೊತ್ತಾಗ್ನಿಲ್ಲ ಬುದ್ಧಿ. ನೀವೇ ಒಂದ್ಸಲ ಮುಟ್ಟಿ ತೋರ್ಸಿ."

ಅದೇನು ಮಹಾ ಎಂದು ಕೈ ಎತ್ತಿದೆ. ತಲೆಯ ಮೇಲೆ ಸರ್ಕಾರಿ ಗತ್ತಿನ ಜರಿಪೇಟ. ಅದನ್ನು ಬಳಸಿ ಬಂದ ಕೈಗೆ ಕಿವಿ ಸಿಗಲೇ ಇಲ್ಲ. ಮೇಷ್ಟ್ರು ಗೋಡೆ ನೋಡತೊಡಗಿದರು.

ಕೆಂಪಿ ಕಣ್ಣೊರೆಸಿಕೊಂಡು, ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಬನ್ನಿ ಬುದ್ಧಿ, ಇಲ್ಲೇ ಕೂತ್ಕಳಿ. ಮರಳು ಬೇಕಾದಷ್ಟದೆ."

ನಮ್ಮಿಬ್ಬರನ್ನೂ ಪಾಸು ಮಾಡಿ ಗಾಡಿ ಹತ್ತಿದೆ.