ಮೆಟ್ಟೂರಿಗೆ ಕಟ್ಟಿದ ಬ್ಯಾಗು

ಬೆಳಗ್ಗೆ ಹೋಗಿ ಸಂಜೆಗೆ ಬರುವ ಪ್ರಯಾಣಕ್ಕೆ ಏನೇನು ಕಟ್ಟಿಕೊಳ್ಳಬೇಕು ಎಂಬುದು ನಮ್ಮ ಮನೆಯಲ್ಲಿ ಅವ್ವನೊಬ್ಬಳಿಗೇ ಗೊತ್ತಿತ್ತು. ನೀಲಿ ಬಿಳಿ ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಒಂದು ಬ್ಯಾಗಿತ್ತು. ಅದನ್ನು ಹೊಸ್ತಿಲ ಬಳಿ ಇಟ್ಟುಕೊಂಡು ಕೂತಳೆಂದರೆ ನಾವೆಲ್ಲ ಸುತ್ತ ನಿಂತು ಒಂದೊಂದೇ ಎತ್ತಿಕೊಡಬೇಕು. ತಳಕ್ಕೆ ಒಂದು ಹಳೇ ಸೀರೆ, ಕೂರಲಿಕ್ಕೆ. ಅದರ ಮೇಲೆ ಎಲೆಯಲ್ಲಿ ಕಟ್ಟಿದ ಹುಳಿಯನ್ನ. ದಾರಿಯಲ್ಲಿ ದೆವ್ವದ ಗಾಳಿ ಸೋಕದಿರಲಿ ಎಂದು ಪೊಟ್ಟಣದೊಳಗೆ ಒಂದು ಚೂರು ಇದ್ದಿಲು. ಕೈಯಲ್ಲಿ ತೂಗಿಸಿಕೊಂಡು ಹೋಗುವ, ಮುಚ್ಚಳ ಬಿಗಿಯಾದ ತೂಕುಪಾತ್ರೆಯಲ್ಲಿ ಮಜ್ಜಿಗೆ. ಬಸ್ಸಿನಲ್ಲಿ ವಾಂತಿ ಬಂದರೆ ಮೂಸಲು ನಿಂಬೆಹಣ್ಣು, ಮೂಸಿದರೂ ಬಂದರೆ ಪ್ಲಾಸ್ಟಿಕ್ ಕವರು. ಆಮೇಲೆ ಟವೆಲ್ಲು, ಬಾಚಣಿಗೆ, ಒಂದೆರಡು ಪಿನ್ನು. ಪ್ರತಿಯೊಂದನ್ನೂ ಹೆಸರು ಹೇಳಿಯೇ ಒಳಗಿಡುವಳು. ಬಾಯಲ್ಲಿ ಹೇಳಿ ಇಟ್ಟಿದ್ದನ್ನು ಮರೆಯುವುದಿಲ್ಲ ಎಂಬುದು ಅವಳ ನಂಬಿಕೆ. ಇನ್ನೊಂದು ನಿಯಮವೂ ಇತ್ತು. ಹೊಸ್ತಿಲು ದಾಟಿದ ಮೇಲೆ ಏನೇ ನೆನಪಾದರೂ ತಿರುಗಿ ಬರುವ ಹಾಗಿಲ್ಲ.

ಅದಿಯಮಾನ್‌ಕೋಟೆಯಿಂದ ಒಳಕ್ಕೆ ಎರಡು ಮೈಲಿ ನಮ್ಮ ಹಟ್ಟಿ. ಆಡಿ ತಿಂಗಳ ಹದಿನೆಂಟಕ್ಕೆ, ಹೊಳೆಗೆ ಹೊಸ ನೀರು ಬರುವ ಹಬ್ಬಕ್ಕೆ, ಹಟ್ಟಿಯವರೆಲ್ಲ ಮೆಟ್ಟೂರಿಗೆ ಹೋಗುತ್ತಿದ್ದರು. ಹೊಳೆಯಲ್ಲಿ ಮಿಂದು, ಡ್ಯಾಮು ನೋಡಿ, ಹುರಿದ ಮೀನು ತಿಂದು ಬರುವುದು. ನಮ್ಮೆಲ್ಲರಿಗೂ ಬ್ಯಾಗು ಕಟ್ಟಿಕೊಟ್ಟು ಅವ್ವ ಮಾತ್ರ ಉಳಿಯುತ್ತಿದ್ದಳು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದ. ಕುರಿಗಳಿಗೆ ನೀರು ತೋರಿಸುವವರು ಬೇರೆ ಯಾರೂ ಇರಲಿಲ್ಲ. ಸಂಜೆ ನಾವು ಬರುವುದನ್ನೇ ಕಾದು ಕೇಳುವಳು:

"ನೀರು ಏಟೈತ್ಲಾ? ಅದಿನಾರು ಕಣ್ಣೂ ತಗ್ದವ್ರಾ?"

ಡ್ಯಾಮು ತುಂಬಿದಾಗ ಹೆಚ್ಚಿನ ನೀರು ಬಿಡುವ ಹದಿನಾರು ಬಾಗಿಲುಗಳವು. ಯಾರ ಬಾಯಿಂದಲೋ ಕೇಳಿ ಅವಳ ತಲೆಯಲ್ಲಿ ಕೂತಿತ್ತು. ಮುಂದಿನ ವರ್ಷ ನೀನೂ ಬಾ ಎಂದು ನಾನು ಅಂದರೆ, "ಬತ್ತೀನಿ ಬುಡು" ಅನ್ನುವಳು. ಯಾವ ವರ್ಷವೂ ಬರಲಿಲ್ಲ. ಕುರಿ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದು ನಾನಾಗಲಿ ಅಣ್ಣನಾಗಲಿ ಒಂದು ವರ್ಷವೂ ಹೇಳಲಿಲ್ಲ. ಆ ಮಾತು ನಮಗೆ ಹೊಳೆಯಲೇ ಇಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ಕೊನೆಗೆ ಮಾತೇ ಕಡಿಮೆಯಾಯಿತು. ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಸುತ್ತಿದ್ದ ನನ್ನ ಕೈ ಹಿಡಿದುಕೊಂಡಳು.

"ನನ್ನ ಇಲ್ಲೆಲ್ಲೂ ಬುಡ್ಬ್ಯಾಡಿ. ಮೆಟ್ಟೂರ್ಗೆ ಕರ್ಕಂಡೋಗಿ ಬುಡಿ. ಆಗ್ಲಾದ್ರೂ ನೋಡ್ತೀನಿ."

ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ನನ್ನಲ್ಲಿ ಕೇಳಿದ್ದು ಅದೊಂದೇ.

ನಮ್ಮಲ್ಲಿ ಸುಟ್ಟ ಮೇಲೆ ಮೂಳೆ ಆಯ್ದು ಮಡಕೆಯಲ್ಲಿ ತುಂಬಿ, ಹೊಸ ಬಟ್ಟೆಯಲ್ಲಿ ಕಟ್ಟಿ, ಸುಡುಗಾಡಿನ ಪಕ್ಕದ ಮರಕ್ಕೆ ತೂಗುಹಾಕುತ್ತಾರೆ. ಅದು ಮನೆಯೊಳಗೆ ಬರಬಾರದು. ಮನೆಯೊಳಗೆ ಅದರ ಹೆಸರನ್ನೂ ಎತ್ತಬಾರದು. ಹೊಳೆಗೆ ಹೋಗುವ ದಿನ ಮನೆಯಿಂದ ಹೊರಟವರು ಸುಡುಗಾಡಿನ ದಾರಿಯಲ್ಲೇ ಹೋಗಿ, ಮರದಿಂದ ಇಳಿಸಿಕೊಂಡು, ಹಿಂದಕ್ಕೆ ನೋಡದೆ ನಡೆಯಬೇಕು. ಅವ್ವನ ಮಡಕೆ ಬೇವಿನ ಮರದಲ್ಲಿ ಒಂಬತ್ತು ದಿನ ತೂಗಿತು. ಹತ್ತನೆಯ ದಿನ ಮೆಟ್ಟೂರು, ಮಾರನೆಯ ದಿನ ಕಾರ್ಯ.

ಹೊರಟದ್ದು ಮೂವರು. ಅಣ್ಣ, ನಾನು, ಚಿಕ್ಕಪ್ಪ. ಬ್ಯಾಗು ಕಟ್ಟಲು ಅಕ್ಕ ಕೂತಳು, ಅದೇ ಹೊಸ್ತಿಲ ಬಳಿ. ಅವ್ವನ ಹಾಗೆಯೇ ಒಂದೊಂದನ್ನೂ ಬಾಯಲ್ಲಿ ಹೇಳಿ ಇಟ್ಟಳು. ಎಳ್ಳು, ಅರಿಶಿನ, ತೆಂಗಿನಕಾಯಿ, ದರ್ಭೆ, ಮೂವರಿಗೂ ಹೊಸ ಪಂಚೆ. ಹುಳಿಯನ್ನ, ಇದ್ದಿಲು, ಮಜ್ಜಿಗೆ, ನಿಂಬೆಹಣ್ಣು. ಚಿಕ್ಕಪ್ಪ ಬೀಡಿ ಹಚ್ಚಿಕೊಂಡು, ಇದೇನವ್ವಾ ಕಾರ್ಯಕ್ಕೋ ಟೂರಿಗೋ ಎಂದು ಛೇಡಿಸಿದ. ಅಕ್ಕ ತಲೆ ಎತ್ತಲಿಲ್ಲ. ಎಲ್ಲಾ ಬಂತಾ ಎಂದು ನಾನು ಕೇಳಿದೆ. ಅವಳು ಬೆರಳು ಮಡಿಸಿ ಎಣಿಸಿ, ಎಲ್ಲಾ ಬಂತು ಎಂದಳು. ಅವಳದು ತಪ್ಪಲ್ಲ. ಮನೆಯಲ್ಲಿ ಇರಬಾರದ್ದು, ಹೇಳಬಾರದ್ದು ಅವಳ ಎಣಿಕೆಗೆ ಬರುವುದು ಹೇಗೆ?

ಅಂಗಳಕ್ಕೆ ಇಳಿದೆವು. ಅಷ್ಟರಲ್ಲಿ ಪಕ್ಕದ ಹೊಲದವನ ಟ್ರಾಕ್ಟರು ಬಂತು. ಮೇಚೇರಿ ಮೇಲೆ ಮೆಟ್ಟೂರಿಗೆ ಹೋಗುವ ಬಸ್ಸು ಈಗಲೇ ಬರುತ್ತದೆ, ನಡೆದರೆ ಸಿಗುವುದಿಲ್ಲ, ಹತ್ತಿ ಎಂದ. ಹತ್ತಿದೆವು. ಟ್ರಾಕ್ಟರು ಹಿಡಿದದ್ದು ಕೆರೆಯ ಕಡೆಯ ದಾರಿ. ಸುಡುಗಾಡು ಇನ್ನೊಂದು ಕಡೆ. ಬ್ಯಾಗು ನನ್ನ ತೊಡೆಯ ಮೇಲಿತ್ತು. ಅದನ್ನು ಅವ್ವನನ್ನೇ ಹಿಡಿದುಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದೆ.

ಮೇನ್ ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಅಣ್ಣ, "ಏನೋ ಮರ್ತಂಗೈತೆ ಚಿಕ್ಕಪ್ಪಾ" ಎಂದ.

"ತಿರುಗಿ ನೋಡ್ಬ್ಯಾಡ್ಲಾ. ನಿಮ್ಮವ್ವ ಏಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದಳು. ನೋಡಲಿಲ್ಲ.

ಮೆಟ್ಟೂರಿನಲ್ಲಿ ಬಸ್ಸಿಳಿದರೆ ಕರೆಂಟು ತಯಾರಿಸುವ ಸ್ಟೇಷನ್ನಿನ ಚಿಮಣಿಗಳು ಎದುರಿಗೆ ಹೊಗೆ ಬಿಡುತ್ತಿದ್ದವು. ಹೊಳೆಯಂಚಿನಲ್ಲಿ ಮೂವರೂ ತಲೆ ಬೋಳಿಸಿಕೊಂಡೆವು, ಮುಳುಗಿದೆವು, ಒದ್ದೆ ಪಂಚೆಯಲ್ಲೇ ಪುರೋಹಿತರ ಮುಂದೆ ಕೂತೆವು. ಅವರು ಬಾಳೆಯೆಲೆ ಹಾಸಿ, ಎಳ್ಳು ತೆಗೆ ಎಂದರೆ ತೆಗೆದೆ, ಅರಿಶಿನ ಎಂದರೆ ಅರಿಶಿನ. ಕೇಳಿದ್ದೆಲ್ಲ ಬ್ಯಾಗಿನಲ್ಲಿತ್ತು. ಎಲ್ಲವನ್ನೂ ಇಷ್ಟು ಸರಿಯಾಗಿ ತರುವವರು ಅಪರೂಪ ಎಂದು ಅವರು ಮೆಚ್ಚಿಕೊಂಡರು ಕೂಡ. ಆಮೇಲೆ ಕೈ ಚಾಚಿದರು.

"ಅಸ್ತಿ ಎಂಗಪ್ಪಾ? ಎಡುತ್ತು ವೈ."

ಅಸ್ಥಿ ಎಲ್ಲಿ, ತೆಗೆದಿಡು ಎಂದು ಅವರು ತಮಿಳಿನಲ್ಲಿ ಕೇಳಿದಾಗ ನಾನು ಅಣ್ಣನ ಮುಖ ನೋಡಿದೆ. ಅಣ್ಣ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ಬ್ಯಾಗನ್ನು ಎಳೆದುಕೊಂಡು ತಳದ ಸೀರೆಯವರೆಗೂ ಕೈಯಾಡಿಸಿದ, ಅಲ್ಲಿರುವುದು ಸಾಧ್ಯವೇ ಇಲ್ಲವೆಂದು ಗೊತ್ತಿದ್ದೂ. ಆ ಸೀರೆ ಅವ್ವನದು.

ಊರಿಗೆ ಹೋಗಿ ತಂದರೆ ಹೊತ್ತು ಮುಳುಗುತ್ತದೆ, ನಾಳೆ ಕಾರ್ಯ. ಪುರೋಹಿತರು ಬೈಯಲಿಲ್ಲ. ಕಾಡಿನಲ್ಲೋ ನೀರಿನಲ್ಲೋ ಹೋಗಿ ದೇಹವೇ ಸಿಗದವರಿಗೆ ಒಂದು ಕ್ರಮವಿದೆ, ದರ್ಭೆಯಲ್ಲಿ ಆಕಾರ ಕಟ್ಟಿ ಬಿಡಬಹುದು, ಆದರೆ ಒಮ್ಮೆ ಹೀಗೆ ಬಿಟ್ಟ ಮೇಲೆ ಇನ್ನೊಮ್ಮೆ ಬಿಡಬಾರದು ಎಂದರು. ಅಣ್ಣ ತಲೆಯಾಡಿಸಿದ. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಒಂದು ಹಿಡಿ ಹುಲ್ಲಿಗೆ ಅವ್ವನ ಹೆಸರಿಟ್ಟು ಕಾವೇರಿಗೆ ಬಿಟ್ಟೆವು. ಸ್ವಲ್ಪ ದೂರ ತೇಲಿ, ಬಂಡೆಗೆ ತಗುಲಿ ನಿಂತಿತು.

ಬಸ್ಸಿನಲ್ಲಿ ಯಾರೂ ಊಟ ಬಿಚ್ಚಲಿಲ್ಲ. ಹಟ್ಟಿಯ ತಿರುವಿನಲ್ಲಿ ಅಕ್ಕ ನಿಂತಿದ್ದಳು. ನಮ್ಮ ಮುಖ ಕಂಡರೂ ಅರ್ಥವಾಗದೆ, ಅವ್ವನ ಹಾಗೆಯೇ, ನೀರು ಎಷ್ಟಿತ್ತು ಎಂದು ಕೇಳಿದಳು.

ಹೊತ್ತು ಮುಳುಗುವ ಮೊದಲೇ ಬೇವಿನ ಮರದ ಹತ್ತಿರ ಹೋದೆವು. ಮಡಕೆ ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು. ಚಿಕ್ಕಪ್ಪ ಬುಡದಲ್ಲೇ ಗುಂಡಿ ತೋಡಿದ. ಮಣ್ಣು ಮುಚ್ಚಿ ಕೈ ಕೊಡವಿಕೊಂಡು, ನಮಗೆಲ್ಲ ಸಮಾಧಾನವಾಗಲೆಂದು ಹೇಳಿದ:

"ಅವ್ಳಿಗೆ ಕುರಿ ಬುಟ್ಟು ಓಗಕ್ಕೆ ಮನ್ಸಿರ್ನಿಲ್ಲ ಕಣ್ರಲಾ. ಅದ್ಕೇ ನಿಂತ್ಕಂಡ್ಳು."

ಅಲ್ಲಿಂದ ನೋಡಿದರೆ ನಮ್ಮ ಕುರಿದೊಡ್ಡಿ ಕಾಣುತ್ತದೆ. ಅಣ್ಣ ಹೌದೆಂದ. ಅಕ್ಕ ಕಣ್ಣೊರೆಸಿಕೊಂಡು ಹೌದೆಂದಳು. ಊರಿನವರೂ ಆಮೇಲೆ ಅದನ್ನೇ ಹೇಳಿದರು, ಈಗಲೂ ಹೇಳುತ್ತಾರೆ, ಎಂಥಾ ತಾಯಿ ಎಂದು.

ಮನಸ್ಸಿತ್ತು. ಪ್ರತಿ ವರ್ಷವೂ ಇತ್ತು. ಅವಳು ನನ್ನ ಕೈ ಹಿಡಿದು ಕೇಳಿದ್ದಳು. ಪುರೋಹಿತರ ಮಾತು ಏನಾದರೂ ಇರಲಿ, ಮುಂದಿನ ವಾರ ನಾನೊಬ್ಬನೇ ಆ ಮಡಕೆ ಅಗೆದುಕೊಂಡು ಬಸ್ಸು ಹತ್ತಬಹುದಿತ್ತು. ಆ ವಾರ ಹತ್ತಲಿಲ್ಲ, ಆಮೇಲೂ ಹತ್ತಲಿಲ್ಲ. ಚಿಕ್ಕಪ್ಪನ ಮಾತಿಗೆ ಅವತ್ತು ನಾನೂ ತಲೆಯಾಡಿಸಿದ್ದೆ.

ಮಾರನೆಯ ಬೆಳಗ್ಗೆ ಅಕ್ಕ ಬ್ಯಾಗು ಬಿಚ್ಚಿದಳು. ಹುಳಿಯನ್ನ ಹಳಸಿತ್ತು. ಇದ್ದಿಲು ಹಾಗೇ ಇತ್ತು.